ಮೋಟಾರ್ ಸೈಕಲ್ ಓಡಿಸುವ ರೈತರಿಗೆ ಲೈಸೆನ್ಸ್ ಬೇಕೆ?

ನಂದಿಗುಡಿಯಿಂದ ಹರಿಹರಕ್ಕೋ ದಾವಣಗೆರೆ ಮಾರುಕಟ್ಟೆಗೋ ಮೋಟಾರ್ ಸೈಕಲ್ಲಿನಲ್ಲಿ ಹೋಗಿಬರುವ ರೈತರಲ್ಲಿ ಕೆಲವರು ‘ಇಷ್ಟು ದೂರಕ್ಕೆ ಲೈಸೆನ್ಸ್ ಯಾಕೆ?’ ಎನ್ನುವುದುಂಟು. ದಂಡವೊಂದನ್ನೇ ಲೆಕ್ಕ ಹಿಡಿದು ಆಡುವ ಮಾತಿದು. 2019ರ ತಿದ್ದುಪಡಿಯಂತೆ ಕಾಯಿದೆಯಲ್ಲಿರುವ ದಂಡ 5,000 ರೂಪಾಯಿ. ದೊಡ್ಡ ನಷ್ಟವಿರುವುದು ವಿಮೆಯಲ್ಲಿ.

ಲೈಸೆನ್ಸ್ ಇಲ್ಲದವನಿಗೆ ತಿಳಿದೂ ಗಾಡಿ ಕೊಟ್ಟು ಅಪಘಾತವಾದರೆ, ಗಾಯಗೊಂಡ ದಾರಿಹೋಕನಿಗೆ ವಿಮಾ ಕಂಪನಿ ತೆತ್ತ ಪರಿಹಾರವನ್ನು ಮಾಲೀಕನಿಂದ ವಸೂಲು ಮಾಡಬಹುದೆಂದು ಸುಪ್ರೀಂ ಕೋರ್ಟು 2004ರಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿದೆ. ಅದು ಲಕ್ಷಗಳ ಮಾತಾದರೆ ಗದ್ದೆಯ ಮೇಲೇ ಬರುತ್ತದೆ. ಮಾಲೀಕನೇ ತೀರಿಕೊಂಡರೆ ಮನೆಯವರಿಗೆ ಸಿಗಬೇಕಾದ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗೂ ಆತನಿಗೆ ಊರ್ಜಿತ ಲೈಸೆನ್ಸ್ ಇದ್ದಿರಬೇಕು.

ಮೊಪೆಡ್ಡಿಗೆ ಲೈಸೆನ್ಸ್ ಬೇಡವೆಂಬುದು ತಪ್ಪು ತಿಳಿವಳಿಕೆ. 16 ತುಂಬಿದವರು ಲೈಸೆನ್ಸ್ ಪಡೆದು ಓಡಿಸಬಹುದಾದದ್ದು 50 ಸಿಸಿ ಮೀರದ ಗಾಡಿ ಮಾತ್ರ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊರುವ ಟಿವಿಎಸ್ ಎಕ್ಸ್‌ಎಲ್ 100 ಅದರ ಸುಮಾರು ಎರಡರಷ್ಟು. ಅದಕ್ಕೆ 18 ತುಂಬಿರಬೇಕು. ಅಪ್ರಾಪ್ತ ಮಗ ಓಡಿಸಿ ಸಿಕ್ಕಿಬಿದ್ದರೆ ತಂದೆಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ ಎಂದು ಕಾಯಿದೆಯಲ್ಲಿದೆ.

ಮೋಟಾರ್ ಸೈಕಲ್ ಲೈಸೆನ್ಸಿಗೆ ಇಷ್ಟೇ ಓದಿರಬೇಕೆಂಬ ಷರತ್ತಿಲ್ಲ. ಮೊದಲು ಆರು ತಿಂಗಳ ಕಲಿಕಾ ಲೈಸೆನ್ಸ್, ಅದಾದ 30 ದಿನಗಳ ಮೇಲೆ ಸಾರಿಗೆ ಕಚೇರಿಯ ಪರೀಕ್ಷೆ. ಗೇರಿನ ಗಾಡಿಯಲ್ಲೇ ಪರೀಕ್ಷೆ ಕೊಡುವುದು ಲೇಸು. ಗೇರಿಲ್ಲದ್ದರ ಲೈಸೆನ್ಸ್ ಗೇರಿನ ಗಾಡಿಗೆ ನಡೆಯದು. ಟ್ರ್ಯಾಕ್ಟರಿಗಂತೂ ಇವೆರಡೂ ಸಾಲವು. ಹಳೆಯ ಲೈಸೆನ್ಸನ್ನು ಟ್ರಂಕಿನಲ್ಲಿಟ್ಟು ಮರೆತವರು ಇಂದೇ ತೆಗೆದು ತಾರೀಖು ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.