ಬಚ್ಚಲ ಬದಿಯ ಟಮಾಟಿ

ಮುಂಗಾರಿನ ಹದ ಮಳೆ ಬಿದ್ದರೆ ಸಾಕು, ಕೊಪ್ಪಳದ ಕಡೆ ಹಿತ್ತಲ ಬಚ್ಚಲ ನೀರು ಹರಿಯುವಲ್ಲಿ ಟಮಾಟಿ ಸಸಿಗಳು ತಾವಾಗಿ ಏಳುತ್ತವೆ. ಯಾರೂ ಬಿತ್ತಿದ್ದಲ್ಲ, ಪಾತ್ರೆ ತೊಳೆದ ನೀರಿನೊಂದಿಗೆ ಹೋದ ಬೀಜ. ಹಣ್ಣಿನೊಳಗೆ ಅಷ್ಟು ತೇವವಿದ್ದರೂ ಬೀಜ ಅಲ್ಲೇ ಮೊಳೆಯದಂತೆ ಸುತ್ತಲಿನ ಲೋಳೆ ತಡೆದಿರುತ್ತದೆ. ಹಣ್ಣು ಕೊಳೆತು, ಲೋಳೆ ಕರಗಿ, ಮಳೆಯಲ್ಲಿ ತೊಳೆದುಹೋದ ಮೇಲೆಯೇ ಮೊಳಕೆ. ಬೀಜ ತೆಗೆಯುವವರು ಮಾಡುವುದೂ ಇದನ್ನೇ: ತಿರುಳು ಹಿಂಡಿ ಒಂದೆರಡು ದಿನ ಹುಳಿಯಲು ಬಿಟ್ಟು, ತೊಳೆದು, ತಳದಲ್ಲಿ ನಿಂತ ಬೀಜವನ್ನಷ್ಟೇ ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸುತ್ತಾರೆ.

ಮಡಿಗೆ ಮಸಾರಿ ಮಣ್ಣು, ಹಳೆಯ ತಿಪ್ಪೆಗೊಬ್ಬರ ಒಳ್ಳೆಯದು. ಬರೀ ಎರೆಮಣ್ಣು ನೀರು ಹಿಡಿದಿಟ್ಟು ಎಳೆ ಬೇರನ್ನು ಕೊಳೆಸುತ್ತದೆ. ವಾರದೊಳಗೆ ಕಾಣುವ ಮೊದಲ ಎರಡು ಎಲೆ ನುಣುಪು, ಅಂಚು ನೇರ. ಮೂರನೆಯದರಲ್ಲಿ ಕಚ್ಚುಗಳು ಮೂಡುತ್ತವೆ, ಸವರಿದ ಬೆರಳಿಗೆ ಟಮಾಟಿಯ ವಾಸನೆ ಹತ್ತುತ್ತದೆ. ಸುಮಾರು ನಾಲ್ಕು ವಾರಕ್ಕೆ ಅಗಿ ಕಿತ್ತು ನೆಡುವಾಗ ಕಾಂಡವನ್ನೂ ಸ್ವಲ್ಪ ಹೂಳಬೇಕು, ಹೂತ ಭಾಗದಲ್ಲೆಲ್ಲ ಹೊಸ ಬೇರು ಬರುತ್ತದೆ.

ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಹೂವಿನ ಮೇಲೆ. ತಲೆ ತಗ್ಗಿಸಿದ ಹಳದಿ ಹೂ, ನಡುವೆ ಪರಾಗಕೋಶಗಳು ಕೂಡಿ ಆದ ಚೂಪು ಕೊಳವೆ, ಅದರೊಳಗೆ ಹೂವಿನ ಹೆಣ್ಣು ಭಾಗವಾದ ಶಲಾಕೆ. ಮಕರಂದ ಇಲ್ಲ. ಜೇನ್ನೊಣ ಬಂದರೂ ಹೆಚ್ಚು ಹೊತ್ತು ನಿಲ್ಲದು. ನೀಲಿ ಪಟ್ಟಿಯ ಒಂಟಿ ದುಂಬಿ ಬಂದರೆ ಆಟವೇ ಬೇರೆ: ಕೊಳವೆಯನ್ನು ತಬ್ಬಿಕೊಂಡು, ರೆಕ್ಕೆ ಬಿಚ್ಚದೆಯೇ ಮೈ ನಡುಗಿಸಿ ಝೇಂಕರಿಸುತ್ತದೆ, ಪರಾಗ ಉಪ್ಪಿನ ಪುಡಿಯಂತೆ ಉದುರುತ್ತದೆ. ಅದು ಹೋದ ಮೇಲೆ ಕೊಳವೆಯ ಮೇಲೆ ಕಂದು ಗುರುತು ಉಳಿಯುತ್ತದೆ, ಅದನ್ನು ನೋಡಿ ಯಾವ ಹೂವಿಗೆ ದುಂಬಿ ಬಂದುಹೋಗಿದೆ ಎಂದು ಹೇಳಬಹುದು. ದುಂಬಿ ಬರದಿದ್ದರೂ ಗಾಳಿ ಅಲುಗಿಸಿದರೆ ಕಾಯಿ ಕಚ್ಚುತ್ತದೆ.

ಏಪ್ರಿಲ್‌ನಲ್ಲಿ ಗಂಗಾವತಿಯಾಗಲಿ ಯಲಬುರ್ಗಾ ಆಗಲಿ, ಬಿಸಿಲು 40 ಡಿಗ್ರಿಗೆ ಹತ್ತಿದಾಗ ಶಲಾಕೆ ಕೊಳವೆಯಿಂದ ಹೊರಗೆ ಚಾಚುತ್ತದೆ, ಪರಾಗವೂ ಬಲಗುಂದುತ್ತದೆ. ಹೂ ತೊಟ್ಟಿನ ಗಂಟಿನಲ್ಲೇ ಕಳಚಿ ಬೀಳುತ್ತದೆ. ಆದ್ದರಿಂದ ಜೂನ್‌–ಜುಲೈನಲ್ಲಿ, ಇಲ್ಲವೇ ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಬೀಜ ಹಾಕುವುದೇ ಸರಿ.

ಕುಷ್ಟಗಿ ತಾಲ್ಲೂಕಿನ ನೆರಳುಪರದೆಯ ಮನೆಗಳಲ್ಲಿ ದುಂಬಿಯ ಕೆಲಸವನ್ನು ಮನುಷ್ಯರ ಬೆರಳು ಮಾಡುತ್ತದೆ. ಹೈಬ್ರಿಡ್ ಬೀಜಕ್ಕಾಗಿ ಅರಳುವ ಮುನ್ನವೇ ಮೊಗ್ಗಿನ ಕೊಳವೆಯನ್ನು ಚಿಮಟದಿಂದ ತೆಗೆದು, ಆಮೇಲೆ ಇನ್ನೊಂದು ತಳಿಯ ಪರಾಗವನ್ನು ಶಲಾಕೆಗೆ ಮುಟ್ಟಿಸುತ್ತಾರೆ, ಗುರುತಿಗೆ ಪುಷ್ಪಪತ್ರದ ತುದಿ ಕತ್ತರಿಸುತ್ತಾರೆ. ಒಂದೊಂದು ಹೂವಿಗೂ ಹೀಗೆ, ಕೈಯಿಂದಲೇ. ಪೇಟೆಯ ಪೊಟ್ಟಣದೊಳಗಿನ ಬೀಜದ ಬೆಲೆಯನ್ನು ಕೇಳಿ ಹುಬ್ಬೇರಿಸುವ ಮುನ್ನ ಈ ಕಣ್ಣು, ಈ ಬೆರಳುಗಳು ನೆನಪಾಗಬೇಕು.

ಸಂತೆಯ ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೂ ಗಿಡವಾಗುತ್ತದೆ. ಆದರೆ ಅಣ್ಣ ತಮ್ಮಂದಿರಲ್ಲಿ ಒಬ್ಬನಂತೆ ಒಬ್ಬನಿಲ್ಲ: ಒಂದರ ಕಾಯಿ ಉದ್ದ, ಇನ್ನೊಂದರದು ಗುಂಡು, ಮತ್ತೊಂದು ಬಿಳಿನೊಣ ತಂದ ವೈರಸ್‌ಗೆ ಸೋತು ಎಲೆ ಮುಟುರಿ ನಿಲ್ಲುತ್ತದೆ. ಮನೆಗೆ ನನಗೆ ಇಷ್ಟ ಜವಾರಿ ಟಮಾಟಿ: ತೆಳು ಸಿಪ್ಪೆ, ಗೆರೆಗೆರೆಯ ಮೈ, ಸಾರಿಗೆ ಬೇಕಾದಷ್ಟು ಹುಳಿ. ಅದು ಸಿಗದಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ವಿಕಾಸ್ ಆಗಬಹುದು, ಹೈಬ್ರಿಡ್ ಅಲ್ಲದ ತಳಿಯಾದ್ದರಿಂದ ಬೀಜ ಉಳಿಸಿಕೊಳ್ಳಲು ಬರುತ್ತದೆ. ಬೀಜಕ್ಕೆಂದು ಹಣ್ಣು ಆರಿಸುವಾಗ ಹಣ್ಣಿನ ಗಾತ್ರಕ್ಕಿಂತ ಮೊದಲು ಗಿಡವನ್ನು ನೋಡಬೇಕು. ಎಲೆ ಮುಟುರದೆ, ಬಿಸಿಲಲ್ಲೂ ಹೂ ಉದುರಿಸದೆ ನಿಂತ ಗಿಡದ, ಪೂರ್ತಿ ಕೆಂಪಾದ ಹಣ್ಣೇ ಬೀಜಕ್ಕೆ.