ಹನ್ನೊಂದು ಗಂಟೆ ಹತ್ತು ನಿಮಿಷ

ವಿನೋಬನಗರದ ಪೊಲೀಸ್ ಚೌಕಿ ಹತ್ತಿರ ನಿಂತು, ಮನೆ ಯಾವ ಕ್ರಾಸಿನಲ್ಲಿ ಎಂದು ದೊಡ್ಡಪ್ಪ ಮೂರನೇ ಸಲ ದಾರಿಹೋಕರನ್ನು ಕೇಳಿದ ಮೇಲೆ ಅವರನ್ನು ಡಾಕ್ಟರ ಬಳಿ ಕರೆದೊಯ್ದೆವು. ಅಲ್ಲಿಯವರೆಗೆ ‘ಅರವತ್ತಕ್ಕೆ ಅರಳುಮರಳು’ ಎಂದುಕೊಂಡೇ ಸುಮ್ಮನಿದ್ದೆವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಶಿಫ್ಟಿನ ಲೆಕ್ಕದಲ್ಲೇ ಬದುಕಿದ ಮನುಷ್ಯ ಅವರು. ಡಾಕ್ಟರು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು, ‘ಯಜಮಾನ್ರೇ, ಒಂದು ಗಡಿಯಾರ ಬರೀರಿ. ಹನ್ನೊಂದು ಗಂಟೆ ಹತ್ತು ನಿಮಿಷ ಆಗಿರ್ಲಿ’ ಎಂದರು.

ವೃತ್ತ ಚೆನ್ನಾಗಿಯೇ ಬಂತು. ಅಂಕಿಗಳು ಮಾತ್ರ ಬಲಗಡೆ ಒತ್ತೊತ್ತಾಗಿ ಇಳಿದು, ಎಂಟು ಇರಬೇಕಾದ ಜಾಗಕ್ಕೇ ಹನ್ನೆರಡೂ ಮುಗಿದವು. ಒಂದು ಮುಳ್ಳು ಹನ್ನೊಂದಕ್ಕೆ ಹೋಯಿತು, ಇನ್ನೊಂದು ಹತ್ತಕ್ಕೆ. ಹತ್ತು ನಿಮಿಷ ಎಂದರೆ ಮುಳ್ಳು ಎರಡರ ಮೇಲಿರಬೇಕು. ಆದರೆ ‘ಹತ್ತು’ ಎಂದು ಕಿವಿಗೆ ಬಿದ್ದೊಡನೆ ಕಣ್ಣು ಹತ್ತನ್ನೇ ಹುಡುಕುತ್ತದೆ. ಆ ಸೆಳೆತವನ್ನು ತಡೆದು ಲೆಕ್ಕ ಹಾಕುವುದು ಮಿದುಳಿನ ಮುಂಭಾಗದ ಕೆಲಸ. ಅಂಕಿಗಳಿಗೆ ಜಾಗ ಹಂಚುವುದು ಹಿಂಬದಿಯ ಪಾರ್ಶ್ವಭಾಗದ್ದು. ಡಾಕ್ಟರು ಹಾಳೆಗಿಂತ ಹೆಚ್ಚಾಗಿ ಕೈಯನ್ನೇ ನೋಡುತ್ತಿದ್ದರು: ಪೆನ್ಸಿಲ್ ಎಲ್ಲಿ ತಡೆಯಿತು, ತಪ್ಪಾಗಿದೆ ಎಂದು ಬರೆದವರಿಗೇ ಹೊಳೆಯಿತೇ ಎಂದು. ಎರಡು ನಿಮಿಷದಲ್ಲಿ ಇಷ್ಟನ್ನು ಓದುವ ಕಣ್ಣಿನ ಬಗ್ಗೆ ನನಗೆ ಅಂದಿನಿಂದ ಅಪಾರ ಗೌರವ.

ಶಾಲೆ ಮೆಟ್ಟಿಲು ಹತ್ತದವರಿಗೆ ಈ ಹಾಳೆ ಅನ್ಯಾಯ ಮಾಡುತ್ತದೆ. ಪೆನ್ಸಿಲ್ ಹಿಡಿದೇ ಗೊತ್ತಿಲ್ಲದ ಅಜ್ಜಿ ಗಡಿಯಾರ ಬರೆಯದಿದ್ದರೆ ಅದು ರೋಗವಲ್ಲ. ಅವರನ್ನು ಅವರ ಬದುಕಿನೊಳಗಿಂದಲೇ ಕೇಳಬೇಕು: ಹುಳಿಗೆ ಉಪ್ಪು ಎರಡು ಸಲ ಬೀಳುತ್ತಿದೆಯೇ, ಚಿಲ್ಲರೆ ಎಣಿಸುತ್ತಾರೆಯೇ. ತೋಟದವರಾದರೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಗಳನ್ನು ಸಲೀಸಾಗಿ ಹೇಳಿಯಾರು, ಬೆಳಿಗ್ಗೆ ತಿಂದ ತಿಂಡಿ ಹೇಳಲಾರರು. ಹೊಸ ನೆನಪನ್ನು ಕೂಡಿಡುವ ಹಿಪ್ಪೋಕ್ಯಾಂಪಸ್ ಮೊದಲು ಸೊರಗುತ್ತದೆ. ಹಳೆಯದು ಮಿದುಳಿನ ತುಂಬ ಹರಡಿಕೊಂಡು ಉಳಿದಿರುತ್ತದೆ.

ಆಮೇಲೆ ಡಾಕ್ಟರು, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬನ್ನಿ ಎಂದರು. ಕೆಲವು ಅಲರ್ಜಿ ಮಾತ್ರೆಗಳು, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪಿನ ರಾಸಾಯನಿಕವನ್ನೇ ತಡೆಯುತ್ತವೆ. ಬಿ-12 ಕೊರತೆ, ಥೈರಾಯ್ಡ್, ತಲೆಗೆ ಪೆಟ್ಟು ಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲ ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ವೇಷ ಹಾಕುತ್ತವೆ, ಚಿಕಿತ್ಸೆಗೂ ಬಗ್ಗುತ್ತವೆ. ಇವನ್ನು ಹುಡುಕದೆ ಮರೆವಿನ ಮಾತ್ರೆ ಬರೆದುಬಿಡುವುದು ದೊಡ್ಡ ತಪ್ಪು.

ಮರೆವಿನ ರೋಗಕ್ಕೆ ತನ್ನ ಹೆಸರನ್ನೇ ಬಿಟ್ಟುಹೋದ ಅಲೋಯಿಸ್ ಅಲ್ಜೈಮರ್ 1906ರಲ್ಲಿ, ತೀರಿಕೊಂಡ ರೋಗಿಯ ಮಿದುಳಿನ ತೆಳು ಪದರಕ್ಕೆ ಬೆಳ್ಳಿಯ ಲವಣದ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದ. ನರಕೋಶಗಳ ನಡುವೆ ಗಡ್ಡೆಗಳು, ಒಳಗೆ ನೂಲಿನ ಸಿಕ್ಕು. ಗಡ್ಡೆ ಬೀಟಾ ಅಮೈಲಾಯ್ಡ್, ಸಿಕ್ಕು ಟೌ ಎಂಬ ಪ್ರೋಟೀನು ಎಂದು ಬಹಳ ಕಾಲದ ನಂತರ ತಿಳಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ದಾನ ಕೊಟ್ಟ ಮಿದುಳುಗಳನ್ನು ಕಾಪಿಡುವ ಬ್ಯಾಂಕ್ 1995ರಿಂದ ಇದೆ.

ಬೇರೆ ಕಾರಣ ಸಿಗದೆ ಅಲ್ಜೈಮರ್ಸ್ ಎಂದೇ ತೀರ್ಮಾನವಾದ ಮೇಲೆ ದೊಡ್ಡಪ್ಪನಿಗೆ ಕೊಟ್ಟಿದ್ದು ಡೊನೆಪೆಜಿಲ್. ನೆನಪಿಗೆ ಬೇಕಾದ ಅಸಿಟೈಲ್‌ಕೋಲೀನನ್ನು ಒಡೆಯುವ ಕಿಣ್ವವನ್ನು ಅದು ತಡೆಯುತ್ತದೆ. ಇರುವಷ್ಟು ರಾಸಾಯನಿಕ ಹೆಚ್ಚು ಹೊತ್ತು ಕೆಲಸಕ್ಕೆ ಸಿಗುತ್ತದೆ. ಸಾಯುತ್ತಿರುವ ಕೋಶವನ್ನು ಅದು ಉಳಿಸದು. ಡಾಕ್ಟರು ಅದನ್ನು ಮುಚ್ಚಿಡದೆ ಹೇಳಿದರು. ಮೊದಲು ಇಸಿಜಿ ಮಾಡಿಸಿದರು, ಏಕೆಂದರೆ ಈ ಔಷಧ ನಾಡಿಬಡಿತ ಇಳಿಸಬಹುದು. ಐದು ಮಿಲಿಗ್ರಾಂ ಆರು ವಾರ, ಹೊಟ್ಟೆ ತಡೆದುಕೊಂಡರೆ ಮಾತ್ರ ಹತ್ತು. ಕೆಟ್ಟ ಕನಸು ಬಿದ್ದಾಗ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದರು. ಮುಂದೆ ಮೆಮಾಂಟಿನ್ ಸೇರಿಸುವುದಿದ್ದರೆ ಅದನ್ನೂ ವಾರಕ್ಕೆ ಐದರಂತೆ ಏರಿಸಬೇಕಂತೆ. ಅಮೈಲಾಯ್ಡನ್ನೇ ತೊಳೆಯುವ ಲೆಕಾನೆಮಾಬ್‌ನಂಥ ಹೊಸ ಚುಚ್ಚುಮದ್ದುಗಳು ರೋಗದ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ. ಆದರೆ ಅವು ಆರಂಭದ ಹಂತದವರಿಗೆ ಮಾತ್ರ. ಮಿದುಳು ಬಾತು ರಕ್ತ ಸೋರುವ ಅಪಾಯವೂ ಇದೆ.

ಎಲ್ಲ ಡಿಮೆನ್ಷಿಯಾ ಅಲ್ಜೈಮರ್ಸ್ ಅಲ್ಲ. ಲೂಯಿ ಬಾಡಿ ಬಗೆಯಲ್ಲಿ ಇಲ್ಲದ ಮಕ್ಕಳು, ಬೆಕ್ಕುಗಳು ಕಾಣುತ್ತವೆ. ಆ ರೋಗಿಗೆ ಗಲಾಟೆ ಎಂದು ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಮರಗಟ್ಟಿ ಜೀವಕ್ಕೇ ಕುತ್ತು ಬರಬಹುದು.

ಮೂರು ತಿಂಗಳ ಮೇಲೆ ಮತ್ತೊಂದು ಗಡಿಯಾರ. ಅಂಕಿಗಳು ಸ್ವಲ್ಪ ಹರಡಿಕೊಂಡಿದ್ದವು, ಮುಳ್ಳು ಹತ್ತರಲ್ಲೇ ಇತ್ತು. ಡಾಕ್ಟರು ತಾರೀಖು ಹಾಕಿ ಹಾಳೆಯನ್ನು ಫೈಲಿಗೆ ಸೇರಿಸಿ, ದೊಡ್ಡಮ್ಮನ ಕಡೆ ತಿರುಗಿದರು. ‘ನೀವು ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡ್ತೀರಮ್ಮ?’ ಎಂದು ಕೇಳಿ, ಅವರು ಹೇಳಿದ್ದನ್ನೂ ಅದೇ ಹಾಳೆಯ ಅಂಚಿನಲ್ಲಿ ಬರೆದುಕೊಂಡರು.