ಜಮೀನು ಕೊಳ್ಳೋ ಮುಂಚೆ ವಕೀಲರು: ನಮ್ಮ ತಾಲ್ಲೂಕುಗಳಲ್ಲಿ ಯಾರನ್ನ, ಹೇಗೆ ಹಿಡಿಯೋದು?

ಮೂರು ವರ್ಷದ ಹಿಂದೆ ಹೊಸದುರ್ಗ ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಜಮೀನು ನೋಡಿದ್ದೆ. ಕೆಂಪು ಮಣ್ಣು, ಒಂದು ಬೋರು, ಬದುವಿನ ಮೇಲೆ ಹದಿನೈದು ತೆಂಗು. ದಾಳಿಂಬೆಗೆ ಹೇಳಿ ಮಾಡಿಸಿದ ಹಾಗಿತ್ತು. ಪಹಣಿಯ ಕಾಲಂ 9ರಲ್ಲಿ ಮಾರೋರದ್ದೇ ಹೆಸರು, ಕಾಲಂ 11ರಲ್ಲಿ ಸಾಲ ಇಲ್ಲ. ಆನ್‌ಲೈನ್‌ನಲ್ಲಿ ಇಸಿ ತೆಗೆದೆ, ಅದೂ ಕ್ಲೀನ್. ಮಧ್ಯವರ್ತಿಯೇ ಒಬ್ಬ ವಕೀಲರನ್ನ ಕರ್ಕೊಂಡು ಬಂದರು. ಎರಡೇ ದಿನಕ್ಕೆ ಅರ್ಧ ಪುಟದ ಲೀಗಲ್ ಒಪಿನಿಯನ್ ಕೈಗೆ ಬಂತು: 'ಕಾಗದಪತ್ರ ಸರಿಯಾಗಿವೆ, ಕೊಳ್ಳಬಹುದು.' ಒಂದು ಲಕ್ಷ ಅಡ್ವಾನ್ಸ್ ಕೊಟ್ಟೆ.

ನಮ್ಮ ತಂದೆಗೆ ಸಮಾಧಾನ ಆಗಲಿಲ್ಲ. ಅದೇ ಕಾಗದಗಳನ್ನ ಹಿರಿಯೂರಿನ ಹಿರಿಯ ವಕೀಲರೊಬ್ಬರಿಗೆ ತೋರಿಸಿದರು. ಅವರು ಪಹಣಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಸರ್ವೆ ನಂಬರಿನ ಬಾಲದಲ್ಲಿ 'ಪಿ' ಇದೆಯಲ್ಲಪ್ಪ, ಪೈಕಿ ನಂಬರು. ಇದು ಸರ್ಕಾರ ಮಂಜೂರು ಮಾಡಿದ ಜಮೀನು ಇದ್ದ ಹಾಗಿದೆ. ಮೊದಲು ಯಾರಿಗೆ ಮಂಜೂರಾಗಿದ್ದು?"

ನನಗೂ ಗೊತ್ತಿರಲಿಲ್ಲ, ಒಪಿನಿಯನ್ ಕೊಟ್ಟವರಿಗೂ ಗೊತ್ತಿರಲಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಮಂಜೂರಾತಿ ಕಡತದ ದೃಢೀಕೃತ ನಕಲು ತರಿಸೋಕೆ ಎರಡು ವಾರದ ಮೇಲಾಯ್ತು. ಅದರಲ್ಲಿ ಇದ್ದದ್ದು ಇಷ್ಟು: 70ರ ದಶಕದಲ್ಲಿ ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನು. 80ರ ದಶಕದಲ್ಲಿ ಅನುಮತಿ ಇಲ್ಲದೆ ಮಾರಾಟ ಆಗಿದೆ. ಆಮೇಲೆ ಇನ್ನೆರಡು ಕೈ ಬದಲಾಗಿದೆ. ನಾನು ತೆಗೆದಿದ್ದ ಇಸಿ 2004ರಿಂದ ಈಚಿನದು, ಅದರಲ್ಲಿ ಇದು ಕಾಣೋದೇ ಇಲ್ಲ.

ಇಲ್ಲಿ ಅನ್ವಯ ಆಗೋದು ಪಿಟಿಸಿಎಲ್ ಕಾಯ್ದೆ, 1978ರದು. 1979ರ ಜನವರಿ 1ರಿಂದ ಜಾರಿಯಲ್ಲಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ ಆ ಕ್ರಯವೇ ಅಸಿಂಧು. ಮಂಜೂರಾದವರ ವಾರಸುದಾರರು ಉಪವಿಭಾಗಾಧಿಕಾರಿ, ಅಂದರೆ ಎಸಿ ಕೋರ್ಟಿಗೆ ಅರ್ಜಿ ಹಾಕಿದರೆ ಜಮೀನು ಅವರಿಗೆ ವಾಪಸ್ ಹೋಗುತ್ತೆ. ನಾಲ್ಕನೇ ಕೈಯಲ್ಲಿ ಕೊಂಡ ನೀವು ಬೋರು ಹಾಕಿಸಿದ್ದೀರಿ, ಗಿಡ ನೆಟ್ಟಿದ್ದೀರಿ ಅನ್ನೋದಕ್ಕೆ ಪರಿಹಾರ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಯನ್ನ ಸಮಂಜಸ ಅವಧಿಯೊಳಗೆ ಹಾಕಬೇಕು ಅಂದಿತ್ತು. 2023ರಲ್ಲಿ ರಾಜ್ಯ ಸರ್ಕಾರ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಬರೆಯಿತು. ಅದಾದ ಮೇಲೂ ವಿಳಂಬದ ಬಗ್ಗೆ ಹೈಕೋರ್ಟಿನಲ್ಲಿ ವಾದಗಳು ನಡೆದಿವೆ. 'ಇಪ್ಪತ್ತು ವರ್ಷ ಆಯ್ತು, ಇನ್ನು ಯಾರು ಕೇಳ್ತಾರೆ' ಅನ್ನೋ ಮಧ್ಯವರ್ತಿ ಮಾತನ್ನ ನಂಬಬೇಡಿ. ಈ ವಿಷಯದಲ್ಲಿ ಇತ್ತೀಚಿನ ತೀರ್ಪುಗಳನ್ನ ಓದಿರೋ ವಕೀಲರೇ ಬೇಕು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಈ ಕಾಯ್ದೆಯನ್ನ 'ತಲೆನೋವು' ಅಂತ ಬೈಯೋರು ಬಹಳ. ಆದರೆ ನಾಲ್ಕು ಮೂಟೆ ರಾಗಿಗೋ, ಒಂದು ಮದುವೆಯ ಸಾಲಕ್ಕೋ ಜಮೀನು ಬರೆಸಿಕೊಂಡ ಕಥೆ ನಮ್ಮ ಕಡೆ ಪ್ರತಿ ಊರಲ್ಲೂ ಇದೆ. ಕಾಯ್ದೆ ಬಂದಿದ್ದು ಅದಕ್ಕೆ. ಇನ್ನೊಂದು, ಪರಿಶಿಷ್ಟರು ಸ್ವಂತ ದುಡ್ಡಲ್ಲಿ ಬೇರೆಯವರಿಂದ ಕೊಂಡ ಸಾಮಾನ್ಯ ಜಮೀನಿಗೆ ಇದು ಅನ್ವಯಿಸಲ್ಲ. ಮಾರೋರ ಜಾತಿ ಕೇಳಿ ಹಿಂದೆ ಸರಿಯೋದು ತಪ್ಪು. ಕೇಳಬೇಕಾದ್ದು ಜಮೀನಿನ ಮೂಲವನ್ನ.

ಈಗ ಇದು ಯಾಕೆ ಅರ್ಜೆಂಟು ಅಂದರೆ, ನಮ್ಮ ಕಡೆ ಜಮೀನಿನ ವ್ಯಾಪಾರ ಜೋರಾಗಿದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದು. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು, ಹಿರಿಯೂರು ಕಡೆ ಎಲ್ಲರ ಕಣ್ಣೂ ತಿರುಗಿತು. ಭದ್ರಾ ಮೇಲ್ದಂಡೆ ನೀರಿನ ಆಸೆ ಹೊಳಲ್ಕೆರೆ, ಹೊಸದುರ್ಗಕ್ಕೂ ಇದೆ. ಅದೇ ಕಾಲುವೆಗೆ, ತುಮಕೂರು–ದಾವಣಗೆರೆ ರೈಲು ಮಾರ್ಗಕ್ಕೆ ಭೂಸ್ವಾಧೀನವೂ ಇದೆ. 2013ರ ಭೂಸ್ವಾಧೀನ ಕಾಯ್ದೆಯ ಕಲಂ 11ರ ಪ್ರಾಥಮಿಕ ಅಧಿಸೂಚನೆ ಹೊರಬಿದ್ದ ಸರ್ವೆ ನಂಬರನ್ನ ಪ್ರಕ್ರಿಯೆ ಮುಗಿಯೋವರೆಗೆ ಮಾರೋ ಹಾಗಿಲ್ಲ. ಪಹಣಿಯಲ್ಲಿ ಅದು ಇನ್ನೂ ಏರಿರದೇ ಇರಬಹುದು.

ಹಾಗಾದರೆ 'ಅನುಭವಿ ವಕೀಲರು' ಅಂದರೆ ಯಾರು? ನನ್ನ ಪ್ರಕಾರ ವರ್ಷದ ಲೆಕ್ಕ ಅರ್ಧ ಮಾತ್ರ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್, ಬಿಡಿಎ ಸೈಟು, ರೇರಾ ನೋಡಿಕೊಂಡ ದೊಡ್ಡ ರಿಯಲ್ ಎಸ್ಟೇಟ್ ವಕೀಲರಿಗೆ ಸಾಗುವಳಿ ಚೀಟಿ, ಪೋಡಿ, ಆಕಾರ್‌ಬಂದ್, ಇನಾಮು ಜಮೀನು ದಿನನಿತ್ಯದ ವಿಷಯ ಅಲ್ಲ. ನಮಗೆ ಬೇಕಾದವರು ತಾಲ್ಲೂಕಿನ ಸಿವಿಲ್ ಕೋರ್ಟಲ್ಲಿ ವಿಭಾಗ ದಾವೆ ನಡೆಸಿರಬೇಕು, ಚಿತ್ರದುರ್ಗದ ಎಸಿ, ಡಿಸಿ ಕೋರ್ಟಿನಲ್ಲಿ ಕಂದಾಯದ ಕೇಸೂ ನಡೆಸಿರಬೇಕು. ಎರಡೂ ಮಾಡಿರೋರು ಪ್ರತಿ ತಾಲ್ಲೂಕಲ್ಲಿ ಕೆಲವರೇ ಸಿಗ್ತಾರೆ. ಜಮೀನು ಯಾವ ತಾಲ್ಲೂಕಿನದೋ ಅಲ್ಲಿನವರೇ ಆದರೆ ಇನ್ನೂ ಒಳ್ಳೇದು, ರೆಕಾರ್ಡ್ ರೂಮಿಗೆ ಅವರ ಗುಮಾಸ್ತರು ಹೇಗೂ ಹೋಗ್ತಾ ಇರ್ತಾರೆ.

ಹುಡುಕೋದು ಹೇಗೆ? ವಕೀಲರು ಜಾಹೀರಾತು ಕೊಡೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ. ಗೂಗಲ್‌ನಲ್ಲಿ ಮೇಲೆ ಬಂದವರೇ ಒಳ್ಳೆಯವರು ಅಂದುಕೊಳ್ಳಬೇಡಿ. ಊರಲ್ಲಿ ಜಮೀನು ಕೇಸು ಗೆದ್ದವರನ್ನೂ ಸೋತವರನ್ನೂ ಕೇಳಿ. 'ಎದುರು ಪಾರ್ಟಿ ವಕೀಲರು ಯಾರು?' ಅಂತ ಸೋತವರ ಹತ್ತಿರ ಕೇಳೋದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಇಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿದರೆ ಅವರ ಕೇಸುಗಳ ಪಟ್ಟಿ ಬರುತ್ತೆ, ಜಮೀನು ದಾವೆಗಳು ಎಷ್ಟಿವೆ ನೋಡಿ.

ಅದೇ ಆ್ಯಪ್‌ನಲ್ಲಿ ಮಾರೋರ ಹೆಸರನ್ನೂ ಹಾಕಿ. ದಾವೆ ನಡೀತಿರೋ ಜಮೀನು ಕೊಂಡರೆ ಆ ತೀರ್ಪು ನಿಮಗೂ ಅಂಟಿಕೊಳ್ಳುತ್ತೆ. ಎಸಿ ಕೋರ್ಟಿನ ಪಿಟಿಸಿಎಲ್ ಕೇಸು ಮಾತ್ರ ಇದರಲ್ಲಿ ಕಾಣಲ್ಲ, ಅದನ್ನ ಕಚೇರಿಯಲ್ಲೇ ವಿಚಾರಿಸಬೇಕು. ದಿಶಾಂಕ್ ಆ್ಯಪ್ ಹಿಡಿದು ಜಮೀನಿನ ಮೇಲೆ ನಿಂತರೆ ಸರ್ವೆ ನಂಬರು ತೋರಿಸುತ್ತೆ. ಹಳ್ಳ, ಕೆರೆ, ಗೋಮಾಳ ಪಕ್ಕದಲ್ಲಿದ್ದರೆ ಅಂದಾಜು ಸಿಗುತ್ತೆ, ಗಡಿ ನಿಗದಿಗೆ ಮಾತ್ರ ಸರ್ವೇಯರೇ ಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳೋದಾದರೆ 11ಇ ನಕ್ಷೆ ಇಲ್ಲದೆ ನೋಂದಣಿ ಆಗಲ್ಲ.

ಮೊದಲ ಭೇಟಿಯಲ್ಲೇ ವಕೀಲರನ್ನ ಕೇಳಿ: ಮಾರೋರಿಗಾಗಲಿ ಮಧ್ಯವರ್ತಿಗಾಗಲಿ ನೀವು ಕೆಲಸ ಮಾಡ್ತಿದ್ದೀರಾ ಸರ್? ಮೂಲ ಮಂಜೂರಾತಿ ಕಡತ ನೀವೇ ತರಿಸಿ ನೋಡ್ತೀರಾ, ಇಲ್ಲ ನಾನು ಕೊಟ್ಟ ಜೆರಾಕ್ಸ್ ಮೇಲೇ ಬರೀತೀರಾ? ಕೇಳೋಕೆ ಮುಜುಗರ ಬೇಡ. ಒಳ್ಳೆ ವಕೀಲರು ಬೇಜಾರು ಮಾಡ್ಕೊಳ್ಳಲ್ಲ. ಫೀಸು ಕೆಲಸಕ್ಕೆ ಇಷ್ಟು ಅಂತ ಮೊದಲೇ ಮಾತಾಡಿ, ರಸೀದಿ ತಗೊಳ್ಳಿ. ಜಮೀನಿನ ಬೆಲೆಯ ಮೇಲೆ ಪರ್ಸೆಂಟೇಜ್ ಕೇಳಿದರೆ ನಾನಾದರೆ ಎದ್ದು ಬರ್ತೀನಿ, ಯಾಕಂದರೆ ವ್ಯಾಪಾರ ಆದರೇ ಅವರಿಗೆ ಲಾಭ, ಆಗ 'ಬೇಡ' ಅನ್ನೋ ಮಾತು ಅವರ ಬಾಯಲ್ಲಿ ಬರೋದು ಕಷ್ಟ.

ಅವರು ಕೊಡೋ ಒಪಿನಿಯನ್‌ನಲ್ಲಿ ನೋಡಿದ ದಾಖಲೆಗಳ ಪಟ್ಟಿ ಇರಬೇಕು, ಜಮೀನು ಯಾರಿಂದ ಯಾರಿಗೆ ಹೇಗೆ ಬಂತು ಅನ್ನೋದು ವರ್ಷದ ಸಮೇತ ಇರಬೇಕು. ಹೊಳಲ್ಕೆರೆಯ ಅಡಿಕೆ ತೋಟದಂಥ ಪಿತ್ರಾರ್ಜಿತ ಆಸ್ತಿ ಆದರೆ ವಂಶವೃಕ್ಷ ಮುಖ್ಯ. ಅಣ್ಣತಮ್ಮಂದಿರ ಸಹಿ ಇದ್ದು, ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರೇ ಇಲ್ಲದ ವಂಶವೃಕ್ಷ ನಾನೇ ನೋಡಿದ್ದೀನಿ. 2005ರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಸಮ ಪಾಲು. 2005ಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೂ ಆ ಹಕ್ಕು ಇದೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರ ಇದ್ದರೆ ಲೆಕ್ಕ ಬೇರೆ. ಇಂಥದ್ದನ್ನ ತೂಗಿ ಹೇಳೋಕೇ ವಕೀಲರು. ಜಿಪಿಎ ಮೇಲೆ 'ಕೊಂಡಿದ್ದೀನಿ' ಅನ್ನೋರ ಹತ್ತಿರ ಮಾತ್ರ ಹೋಗಲೇಬೇಡಿ, ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ 2011ರಲ್ಲೇ ತೀರ್ಪಾಗಿದೆ.

ದುಡ್ಡಿಲ್ಲ ಅನ್ನೋರಿಗೆ: ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ನಿಗದಿತ ಮಿತಿಗಿಂತ ಆದಾಯ ಕಡಿಮೆ ಇರೋರು ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲ್ಲೂಕು ಕೋರ್ಟಿನಲ್ಲಿರೋ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು. ಸಹಾಯವಾಣಿ 15100.

ನನ್ನ ಅಡ್ವಾನ್ಸ್ ಏನಾಯ್ತು ಅಂತ ಕೇಳ್ತೀರಿ. ಎಂಟು ತಿಂಗಳು ಓಡಾಡಿದ ಮೇಲೆ ಅರ್ಧ ವಾಪಸ್ ಬಂತು. ಕರಾರು ಪತ್ರದಲ್ಲಿ ಒಂದು ಸಾಲು ಇದ್ದಿದ್ದರೆ ಪೂರ್ತಿ ಕೇಳೋ ಹಕ್ಕು ಇರ್ತಿತ್ತು ಅಂದರು ಹಿರಿಯೂರಿನ ವಕೀಲರು. ಈಗ ನಾನು ಯಾವ ಕರಾರು ಮಾಡಿಸಿದರೂ ಆ ಸಾಲು ಹಾಕಿಸ್ತೀನಿ: 'ಖರೀದಿದಾರರ ವಕೀಲರು ಹಕ್ಕುದಾಖಲೆ ಪರಿಶೀಲಿಸಿ ದೋಷ ಕಂಡುಬಂದಲ್ಲಿ, ಮುಂಗಡ ಹಣವನ್ನು 15 ದಿನದೊಳಗೆ ಪೂರ್ತಿ ಹಿಂದಿರುಗಿಸತಕ್ಕದ್ದು.' ಇದಕ್ಕೆ ಒಪ್ಪದ ಮಾರಾಟಗಾರರು ಇಲ್ಲಿವರೆಗೆ ಇಬ್ಬರು ಸಿಕ್ಕಿದ್ದಾರೆ. ಆ ಎರಡೂ ಜಮೀನನ್ನ ನಾನು ಮತ್ತೆ ಹೋಗಿ ನೋಡಲಿಲ್ಲ.